ದಿಂಬಿನ ಚೀಲದ ಕೂದಲು

ಮಧ್ಯಾಹ್ನದ ಊಟ ಮುಗಿಸಿ ಕೈ ತೊಳೆದು ಒಳಗೆ ಬಂದಾಗ ಚೀಲ ತನ್ನ ಮೇಜಿನ ಮೇಲಿರುವುದು ರಕ್ಷಾಳ ಕಣ್ಣಿಗೆ ಬಿತ್ತು. ಬೆಳಿಗ್ಗೆಯಿಂದ ಅದು ಸುಚಿತ್ರಾ ಮೇಡಂ ಕುರ್ಚಿಯ ಪಕ್ಕ ನೆಲದ ಮೇಲಿತ್ತು. ನೀಲಿ ಹೂವಿನ ದಿಂಬಿನ ಚೀಲ, ಬಾಯಿಗೆ ಕೆಂಪು ರಿಬ್ಬನ್ನು. ಇಟ್ಟವರು ಯಾರು ಎಂದು ಅವಳು ಕೇಳಲಿಲ್ಲ. ಒಂಬತ್ತು ರಾಟೆಗಳೂ ತಿರುಗುತ್ತಿದ್ದವು, ಒಂಬತ್ತು ಹೆಂಗಸರೂ ತಮ್ಮ ತಮ್ಮ ಎಳೆಯ ಮೇಲೇ ಕಣ್ಣಿಟ್ಟಿದ್ದರು, ಅಷ್ಟು ಶ್ರದ್ಧೆ ಅವರಲ್ಲಿ ಬೇರೆ ದಿನ ಕಂಡಿರಲಿಲ್ಲ. ಚೀಲವನ್ನು ಮುಟ್ಟದೆ ಅವಳು ಸ್ಟೂಲನ್ನು ಸ್ವಲ್ಪ ಹಿಂದಕ್ಕೆ ಎಳೆದು ಕೂತಳು.

ನ್ಯಾಮತಿಯ ಹೊರಗೆ ಹಳೆಯ ಭತ್ತದ ಗೋದಾಮಿನಲ್ಲಿ ನಡೆಯುತ್ತಿದ್ದ ಆ ಕೈನೂಲು ಕೇಂದ್ರದಲ್ಲಿ ರಕ್ಷಾಳದು ರಾಟೆಯ ಕೆಲಸವಲ್ಲ, ಅದಕ್ಕೂ ಹಿಂದಿನದು. ಜಗಳೂರಿನ ಕಡೆಯಿಂದ ಮೂಟೆಯಲ್ಲಿ ಬರುವ ಕರಿ ಕುರಿಯ ಉಣ್ಣೆ, ಸವಳಂಗದಿಂದ ಬರುವ ಬಾಳೆನಾರು, ಎಕ್ಕದ ಕಾಯಿ ಒಡೆದು ತೆಗೆದ ಬೆಳ್ಳನೆಯ ಅರಳೆ, ರೇಷ್ಮೆಯ ಚೂರುಪಾರು, ಇವನ್ನೆಲ್ಲ ಲೆಕ್ಕದಲ್ಲಿ ಬೆರೆಸಿ, ತಂತಿ ಹಲ್ಲಿನ ಎರಡು ಹಲಗೆಗಳ ನಡುವೆ ಹಿಂಜಿ, ಸುರುಳಿ ಸುತ್ತಿ ನೂಲುವುದಕ್ಕೆ ಹಂಜಿ ಮಾಡಿ ಕೊಡುವುದು. ಯಾವುದು ಯಾವುದನ್ನು ಹಿಡಿದುಕೊಳ್ಳುತ್ತದೆ, ಯಾವುದು ಜಾರಿಹೋಗುತ್ತದೆ ಎಂಬುದು ಅವಳ ಬೆರಳಿಗೆ ಗೊತ್ತಿತ್ತು. ಅಂಗಡಿಗಳಿಗೆ ಹೋಗುವ ನೂಲಿನ ಲಡಿಗೆ ಕಟ್ಟುವ ಚೀಟಿಯಲ್ಲಿ ನೂತವರ ಹೆಸರಿರುತ್ತಿತ್ತು, ಬೆರೆಸಿದವಳ ಹೆಸರಿರುತ್ತಿರಲಿಲ್ಲ. ಅದಕ್ಕೆ ಅವಳು ಎಂದೂ ಬೇಸರಪಟ್ಟಿರಲಿಲ್ಲ.

ಬೆಳಿಗ್ಗೆ ಕೇಂದ್ರ ನಡೆಸುವ ಸುಚಿತ್ರಾ ಎಲ್ಲರನ್ನೂ ಕೂಡಿಸಿ ಚೀಲದ ವಿಷಯ ಹೇಳಿದ್ದರು. ಶಿವಮೊಗ್ಗದ ಅನಿತಾ ಎನ್ನುವವರು ಹನ್ನೆರಡು ವರ್ಷ ಸಾಕಿದ ನಾಯಿ ಸತ್ತಿದೆ. ದಿನಾ ಬಾಚಿದಾಗ ಬಂದ ಕೂದಲನ್ನು ಅವರು ಎಸೆಯದೆ ಕೂಡಿಟ್ಟಿದ್ದಾರೆ, ಅದರ ನೂಲಿನ ಶಾಲು ಬೇಕಂತೆ. ಹೊರದೇಶದಲ್ಲಿ ಇದು ಮಾಮೂಲು, ನಮ್ಮಲ್ಲಿ ಯಾರೂ ಮಾಡಿಲ್ಲ, ನಾವು ಮಾಡಿದರೆ ಹೆಸರಾಗುತ್ತದೆ. ಸುಚಿತ್ರಾ ಒಳ್ಳೆಯವರು, ಯಾರಿಗೂ ಗದರಿದವರಲ್ಲ. ಬಲವಂತವಿಲ್ಲ, ಆಗದವರು ಹೇಳಿಬಿಡಿ ಎಂದರು. ಅನ್ನಪೂರ್ಣಮ್ಮ ತಾನು ಲಿಂಗ ಕಟ್ಟಿಕೊಂಡವಳು, ನಾಯಿ ಕೂದಲು ಮುಟ್ಟಿದ ಕೈಯಲ್ಲಿ ಪೂಜೆ ಹೇಗೆ ಮಾಡಲಿ ಎಂದಳು. ಸುಚಿತ್ರಾ ತಲೆಯಾಡಿಸಿದರು. ಅರುಣಾಳಿಗೆ ಹೇಳಲು ಕಾರಣವೂ ಬೇಕಾಗಲಿಲ್ಲ, ಮುಖ ಕಿವಿಚಿ ಸೆರಗು ಮೂಗಿಗೆ ಹಿಡಿದಳು, ಸಾಕಾಯಿತು. ಹೀಗೆ ಒಬ್ಬೊಬ್ಬರ ಹೇಸಿಗೆಯನ್ನೂ ಸುಚಿತ್ರಾ ಗೌರವದಿಂದ ಕೇಳಿಸಿಕೊಂಡರು. ಕೊನೆಗೆ ಅವರ ನೋಟ ರಕ್ಷಾಳ ಕಡೆ ಬಂತು. ಪ್ರಶ್ನೆ ಕೇಳುವ ನೋಟವಲ್ಲ ಅದು, ಬಸ್ಸು ಹತ್ತಿದವರು ಖಾಲಿ ಸೀಟು ಕಂಡಾಗ ನೋಡುವ ನೋಟ. ‘ನೂಲೋದು ಆಮೇಲೆ ನೋಡೋಣ, ಹಿಂಜೋದಕ್ಕೆ ರಕ್ಷಾ ಇದ್ದಾರಲ್ಲ’ ಎಂದು ಪುಸ್ತಕ ಮುಚ್ಚಿದರು. ನನಗೂ ಆಗುವುದಿಲ್ಲ ಎನ್ನಲು ರಕ್ಷಾ ಬಾಯಿ ತೆರೆದಿದ್ದಳು. ಹಾಗೇ ಮುಚ್ಚಿಕೊಂಡಳು. ಆಗುವುದಿಲ್ಲ ಎಂದರೆ ಎಲ್ಲರೂ ತಿರುಗಿ ನೋಡುತ್ತಾರೆ, ಆ ನೋಟದಲ್ಲಿ ಸಿಟ್ಟಿರುವುದಿಲ್ಲ, ಆಶ್ಚರ್ಯವಿರುತ್ತದೆ. ಆ ಆಶ್ಚರ್ಯ ಅವಳಿಗೆ ಗೊತ್ತಿತ್ತು. ಚನ್ನಗಿರಿಯ ಹಾಸ್ಟೆಲಿನಲ್ಲಿ ಎಂಟನೇ ಕ್ಲಾಸಿನಲ್ಲಿದ್ದಾಗ ಸಾರಿನಲ್ಲಿ ಉದ್ದನೆಯ ಕೂದಲು ಸಿಕ್ಕಿ ಅವಳು ತಟ್ಟೆಯ ಪಕ್ಕದಲ್ಲೇ ವಾಂತಿ ಮಾಡಿಕೊಂಡಿದ್ದಳು. ಸೌಟು ಹಿಡಿದು ನಿಂತಿದ್ದ ಅಡುಗೆಯವನು ಬಗ್ಗಿ ನೋಡಿ, ‘ನಿಮ್ಮೋರಿಗೂ ಹೇಸಿಗೆ ಆಗ್ತೈತಾ?’ ಎಂದಿದ್ದ. ಬೈದದ್ದಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದ. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತುಹೋಗುತ್ತಿತ್ತು.

ಆಗುತ್ತದೆ, ನಿಮ್ಮೆಲ್ಲರಿಗಿಂತ ಹೆಚ್ಚು ಆಗುತ್ತದೆ ಎಂದು ಅವನಿಗೆ ಹೇಗೆ ಹೇಳುವುದು. ನಲ್ಲೂರಿನ ಅವರ ಮನೆಯ ನೆಲವನ್ನು ದಿನಕ್ಕೆ ಎರಡು ಸಲ ಫಿನಾಯಿಲ್ ಹಾಕಿ ಒರೆಸುತ್ತಿದ್ದರು. ಅಪ್ಪ ದೊಡ್ಡಣ್ಣ ಪಂಚಾಯ್ತಿಯಲ್ಲಿ ನೀರು ಬಿಡುವ ಕೆಲಸದಲ್ಲಿದ್ದವನು. ಧಮ್ಮ ಸ್ವೀಕರಿಸಿ ಬಂದ ವರ್ಷ ಗೋಡೆಗೆ ಬುದ್ಧನ ಪಟ ಹೊಡೆದ ದಿನವೇ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆಯುವುದನ್ನು ಕಲಿಸಿದ್ದ. ಅವನ ಅಪ್ಪ ಊರಿನ ಸತ್ತ ಎತ್ತುಗಳನ್ನು ಎಳೆದವನು. ಆ ಅಜ್ಜನ ಹೆಗಲ ವಲ್ಲಿಬಟ್ಟೆಯ ವಾಸನೆಯನ್ನು ಇನ್ನಾರೂ ತನ್ನ ಮನೆಯಲ್ಲಿ ಹಿಡಿಯಬಾರದು ಎಂದು ದೊಡ್ಡಣ್ಣ ನಲವತ್ತು ವರ್ಷ ಉಜ್ಜಿದ. ಹೇಸಿಗೆ ಎನ್ನುವುದು ರಕ್ಷಾಳಿಗೆ ಅಪ್ಪ ದುಡಿದು ಕೊಟ್ಟ ಆಸ್ತಿ. ಕೇಂದ್ರಕ್ಕೆ ಸೇರಿದ ದಿನವೇ ಅವಳು ತನ್ನ ಸ್ಟೀಲ್ ಲೋಟ ಜೊತೆಗೆ ತಂದಿದ್ದಳು. ಇಲ್ಲಿಯ ಹೆಂಗಸರು ಟೀ ಕುಡಿದ ಲೋಟವನ್ನು ಬರೀ ನೀರಲ್ಲಿ ಜಾಲಿಸಿ ಬೋರಲು ಹಾಕುತ್ತಿದ್ದರು, ಅಂಚಿನಲ್ಲಿ ತುಟಿಯ ಜಿಡ್ಡು ಹಾಗೇ ಉಳಿದಿರುತ್ತಿತ್ತು. ಅನ್ನಪೂರ್ಣಮ್ಮ ಎಳೆ ಕಡಿದಾಗಲೆಲ್ಲ ಬೆರಳಿಗೆ ಉಗುಳು ಹಚ್ಚಿಕೊಂಡು ಹೊಸೆಯುತ್ತಿದ್ದಳು, ಮೂಗೊರೆಸಿದ್ದೂ ಅದೇ ಬೆರಳು. ಮೂರು ತಿಂಗಳಾದ ಮೇಲೆ ಒಂದು ದಿನ ಅನ್ನಪೂರ್ಣಮ್ಮ ಅರುಣಾಳಿಗೆ ಹೇಳುತ್ತಿದ್ದುದು ಕೇಳಿಸಿತು. ‘ತಿಳುವಳಿಕೆಯೋಳು ಆ ಹುಡುಗಿ. ನಾವು ಹೇಳೋಕೆ ಮೊದ್ಲೇ ತನ್ ಲೋಟ ತಾನೇ ತಂದ್ಕಂಡಾಳೆ.’ ರಕ್ಷಾಳಿಗೆ ನಗು ಬರಬೇಕಿತ್ತು. ಕಿವಿಯ ಬುಡ ಕಾದು ಬಿಸಿ ಕತ್ತಿನವರೆಗೆ ಇಳಿಯಿತು. ಮರುದಿನದಿಂದ ಲೋಟ ತರುವುದನ್ನು ಬಿಟ್ಟರೆ ಅವರ ಎಂಜಲು ಕುಡಿಯಬೇಕು, ತಂದರೆ ಅವರ ಮೆಚ್ಚುಗೆ ಕುಡಿಯಬೇಕು. ತರುತ್ತಲೇ ಇದ್ದಳು.

ಚೀಲ ಬಂದ ಮರುದಿನ, ಶುಕ್ರವಾರ ಬೆಳಿಗ್ಗೆ ಅವಳು ಮೂಗಿಗೆ ಬಟ್ಟೆ ಕಟ್ಟಿ ಚೀಲದ ರಿಬ್ಬನ್ನು ಬಿಚ್ಚಿದಳು. ನಾಯಿಯ ಒಳಗೂದಲು ಕೆನೆಬಣ್ಣ, ಬಹಳ ಮೃದು, ಆದರೆ ಬೆರಳಗಲಕ್ಕಿಂತ ಸ್ವಲ್ಪವೇ ಉದ್ದ. ಹಾಗೇ ನೂತರೆ ಜಾರಿ ಉದುರುತ್ತದೆ. ಕೂದಲು ಒಂದು ಪಾಲಾದರೆ ಜಗಳೂರಿನ ಒರಟು ಉಣ್ಣೆ ಎರಡು ಪಾಲು ಬೇಕು ಎಂದು ಕಣ್ಣೇ ಹೇಳಿತು, ಮನಸ್ಸಿಗೆ ಬೇಡವಾದರೂ ಕಣ್ಣು ತನ್ನ ಕೆಲಸ ಬಿಡಲಿಲ್ಲ. ಮೊದಲು ಬಿರುಸು ಕೂದಲನ್ನು ಆರಿಸಿ ತೆಗೆಯಬೇಕು, ಆಮೇಲೆ ಅಂಟುವಾಳದ ನೀರಲ್ಲಿ ತೊಳೆಯಬೇಕು. ಉಗುರುಬೆಚ್ಚಗಿನ ನೀರಿಗೆ ಹಾಕಿದ ಕೂಡಲೇ ವಾಸನೆ ಎದ್ದಿತು. ನಾಯಿಯ ವಾಸನೆ ಒಂದೇ ಆಗಿದ್ದರೆ ತಡೆಯಬಹುದಿತ್ತೇನೋ. ಅದರ ಅಡಿಯಲ್ಲಿ ಪೌಡರಿನ ವಾಸನೆ ಇತ್ತು, ಚಿಕ್ಕ ಮಕ್ಕಳಿಗೆ ಹಾಕುವ ಪೌಡರು. ಯಾರೋ ಇದನ್ನು ಮಡಿಲಲ್ಲಿ ಮಲಗಿಸಿಕೊಂಡು ಹೊಟ್ಟೆಗೆ, ಕಂಕುಳಿಗೆ ಪೌಡರು ಬಳಿದಿದ್ದಾರೆ ಎಂಬುದು ಕಣ್ಣಿಗೆ ಕಟ್ಟಿದಂತಾಗಿ, ಆ ಪ್ರೀತಿಯೇ ಎಲ್ಲಕ್ಕಿಂತ ಹೊಲಸು ಅನ್ನಿಸಿತು. ಉಸಿರು ಬಿಗಿಹಿಡಿದು ಕೂದಲನ್ನು ಹಿಂಡುತ್ತಿದ್ದಾಗ ಹೆಬ್ಬೆರಳಿಗೆ ಕಾಳಿನಂಥದು ಸಿಕ್ಕಿತು. ಹುಣಸೆಬೀಜದ ಚೂರು ಎಂದುಕೊಂಡಳು. ಒತ್ತಿದಾಗ ಒಡೆದು, ಒಣಗಿದ್ದ ರಕ್ತ ನೀರಲ್ಲಿ ಕದಡಿತು. ಉಣ್ಣಿ. ಉಣ್ಣೆಗೂ ಉಣ್ಣಿಗೂ ನಡುವೆ ಇರುವುದು ಒಂದು ಗುಡಿಸಿನಷ್ಟು ಅಂತರ, ಶಾಲೆಯಲ್ಲಿ ಉಕ್ತಲೇಖನ ಬರೆಸುವಾಗ ಮೇಷ್ಟ್ರು ಅದನ್ನೇ ಎರಡೆರಡು ಸಲ ಹೇಳುತ್ತಿದ್ದರು. ಅದು ಈಗೇಕೆ ನೆನಪಾಯಿತೋ. ಅವಳು ಎದ್ದು ಗೋದಾಮಿನ ಹಿಂದಕ್ಕೆ ಓಡಿದಳು.

ಗೋಡೆಗೆ ಕೈ ಊರಿ ವಾಂತಿ ಮಾಡುತ್ತಿದ್ದಾಗ ಬೆನ್ನ ಮೇಲೆ ಯಾರದೋ ಕೈ ಬಿತ್ತು. ಅನ್ನಪೂರ್ಣಮ್ಮ. ಈವರೆಗೆ ಒಮ್ಮೆಯೂ ಅವಳನ್ನು ಮುಟ್ಟಿರದ ಕೈ ಈಗ ಬೆನ್ನು ನೀವುತ್ತಿತ್ತು.

‘ಎಷ್ಟು ತಿಂಗಳವ್ವ?’

ರಕ್ಷಾಳಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಹೇಸಿಗೆಯಿಂದ ವಾಂತಿಯಾಗಿರಬಹುದು ಎಂಬುದು ಈ ಹೆಂಗಸಿಗೆ ಹೊಳೆದೇ ಇಲ್ಲ. ಮದುವೆಯಾಗಿ ಎರಡನೇ ವರ್ಷ, ಬೇರೆ ಇನ್ನೇನಿರಲು ಸಾಧ್ಯ. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ಸುಮ್ಮನೆ ನೆಲ ನೋಡಿದಳು. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಒಳಗೆ ಹೋಗುವಷ್ಟರಲ್ಲಿ ಒಂಬತ್ತು ಮುಖಗಳಲ್ಲೂ ನಗು ಹರಡಿತ್ತು. ಯಾರೋ ನಿಂಬೆಹಣ್ಣು ಕೊಯ್ದು ಮೂಸಲು ಕೊಟ್ಟರು. ಸುಚಿತ್ರಾ ತಮ್ಮ ಕುರ್ಚಿಯಲ್ಲೇ ಅವಳನ್ನು ಕೂರಿಸಿ, ಮೊದಲೇ ಹೇಳಬಾರದಿತ್ತೇನ್ರೀ, ಇಂಥ ಹೊತ್ತಲ್ಲಿ ವಾಸನೆ ತಡೆಯೋಕಾಗಲ್ಲ ಎಂದು ಮೆಲ್ಲಗೆ ಗದರಿದರು. ಬಸುರಿಯ ಹೇಸಿಗೆಗೆ ಎಷ್ಟು ಮರ್ಯಾದೆ. ಅದು ಅವಳದಲ್ಲ, ಹೊಟ್ಟೆಯಲ್ಲಿರುವ ಇನ್ನೊಬ್ಬರದು ಎಂದೇ ಇರಬೇಕು. ನಿಂಬೆಯ ವಾಸನೆ ಹಿತವಾಗಿತ್ತು. ಅನ್ನಪೂರ್ಣಮ್ಮ ಎಲ್ಲರ ಟೀಯ ಜೊತೆ ತನ್ನ ಕೈಯಾರೆ ರಕ್ಷಾಳ ಲೋಟಕ್ಕೂ ಸುರಿದು ಕೊಟ್ಟಳು. ರಕ್ಷಾ ಕುಡಿದಳು. ಕುಡಿಯುತ್ತಾ, ಈ ಸುಳ್ಳು ಸದ್ಯಕ್ಕೆ ಇರಲಿ, ಎರಡು ವಾರ ಕಳೆದ ಮೇಲೆ ಹೋಯಿತು ಎಂದರಾಯಿತು ಎಂದು ಲೆಕ್ಕ ಹಾಕುತ್ತಿರುವ ತನ್ನ ಮನಸ್ಸನ್ನು ಕಂಡು ಅವಳು ಲೋಟವನ್ನು ಅರ್ಧಕ್ಕೇ ಕೆಳಗಿಟ್ಟಳು.

ಹೊನ್ನಾಳಿಯ ಮನೆಯಲ್ಲಿ ಗಂಡ ಮೈಲಾರಿಗೆ ಸಂಜೆ ಎಲ್ಲ ಹೇಳಿದಳು. ಅವನು ಗೂಡ್ಸ್ ಆಟೋ ಓಡಿಸುವವನು, ಬಂದವನು ಇನ್ನೂ ಶರ್ಟು ಬಿಚ್ಚಿರಲಿಲ್ಲ. ಬಸುರಿ ಎಂದುಕೊಂಡರಂತೆ ಎಂಬಲ್ಲಿಗೆ ಬಂದಾಗ ಅವನ ಮುಖ ಒಂದು ಕ್ಷಣ ಅರಳಿ, ಮುಂದಿನ ಮಾತಿಗೆ ಹಾಗೇ ಮುದುಡಿತು. ಅದನ್ನು ನೋಡಬಾರದಿತ್ತು ಎಂದು ಅವಳಿಗನಿಸಿತು. ತಿಳ್ಕಂಡ್ರೆ ತಿಳ್ಕಳ್ಳಿ ಬಿಡು, ಆ ಕೆಲಸ ತಪ್ಪಿತಲ್ಲ ಎಂದು ಅವನು ನೀರು ಕುಡಿಯಲು ಒಳಗೆ ಹೋದ. ತಪ್ಪಿದ ಕೆಲಸ ಯಾರ ಪಾಲಿಗೆ ಹೋಗುತ್ತದೆ ಎಂದು ಅವನು ಕೇಳಲಿಲ್ಲ, ಅವಳೂ ಯೋಚಿಸಲಿಲ್ಲ.

ಸೋಮವಾರ ಗಿಡ್ಡಮ್ಮ ಅವಳ ಮೇಜಿನ ಹತ್ತಿರ ಕೂತಿದ್ದಳು. ಗಿಡ್ಡಮ್ಮ ಕೇಂದ್ರ ಗುಡಿಸಿ, ಹಿಂದಿನ ಚರಂಡಿ ಬಳಿದು, ಕಕ್ಕಸು ತೊಳೆದು ಹೋಗುವ ಅರವತ್ತರ ಹೆಂಗಸು. ರಕ್ಷಾಳ ಕೇರಿಯಂಥದೇ ಕೇರಿಯವಳು. ಅದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಒಮ್ಮೆಯೂ ಆಡಿರಲಿಲ್ಲ. ರಕ್ಷಾ ಅವಳೊಡನೆ ಬೇರೆಯವರಿಗಿಂತ ಕಡಿಮೆ ಮಾತಾಡುತ್ತಿದ್ದಳು, ಅವಳು ಪಕ್ಕದಲ್ಲಿ ಹಾದಾಗ ಯಾರಾದರೂ ತಮ್ಮಿಬ್ಬರನ್ನು ಒಟ್ಟಿಗೆ ನೋಡುತ್ತಾರೇನೋ ಎಂದು ತಲೆ ತಗ್ಗಿಸುತ್ತಿದ್ದಳು. ಅವತ್ತು ಗಿಡ್ಡಮ್ಮ ತಲೆಗೆ ನೀರು ಹಾಕಿಕೊಂಡು ಮಡಿಕೆ ಮುರಿಯದ ಸೀರೆ ಉಟ್ಟು ಬಂದಿದ್ದಳು. ನೆಲದ ಮೇಲೆ ಕೂರಹೊರಟವಳನ್ನು ಸುಚಿತ್ರಾ ಒತ್ತಾಯ ಮಾಡಿ ಸ್ಟೂಲಿನ ಮೇಲೆ ಕೂರಿಸಿದ್ದರಂತೆ. ಅದರ ತುದಿಯಲ್ಲಿ, ಯಾವಾಗ ಬೇಕಾದರೂ ಏಳಲು ಸಿದ್ಧಳಾದವಳಂತೆ ಕೂತಿದ್ದಳು. ಇವರಿಗೆ ನೀವು ಕಲಿಸಿಕೊಡಿ ರಕ್ಷಾ, ಮುಟ್ಟೋದೇನೂ ಬೇಡ, ದೂರದಿಂದ ಹೇಳಿ ಸಾಕು ಎಂದು ಸುಚಿತ್ರಾ ಹೋದರು. ಬೆಳಕು ಸಾಲದು ಎನ್ನುತ್ತಾ ಅನ್ನಪೂರ್ಣಮ್ಮ ತನ್ನ ರಾಟೆಯನ್ನು ಕಿಟಕಿಯ ಕಡೆಗೆ ಎಳೆದುಕೊಂಡಳು.

ರಕ್ಷಾ ಮಾರು ದೂರದಲ್ಲಿ ಕೂತು ಹೇಳಿಕೊಟ್ಟಳು. ಬಿರುಸು ಕೂದಲು ಬೇರೆ ಮಾಡುವುದು, ತೊಳೆದು ಒಣಗಿಸುವುದು, ಕರಿ ಉಣ್ಣೆಯ ಪದರದ ಮೇಲೆ ಕೂದಲಿನ ತೆಳು ಪದರ ಹರಡುವುದು, ಹಲಗೆಯನ್ನು ಎಳೆಯುವಾಗ ತಂತಿಗೆ ತಂತಿ ತಗುಲದಂತೆ ಗಾಳಿಯಲ್ಲಿ ತೇಲಿಸಿದ ಹಾಗೆ ಎಳೆಯುವುದು. ಗಿಡ್ಡಮ್ಮ ಬೇಗ ಕಲಿತಳು. ಪೊರಕೆ ಹಿಡಿದು ದಪ್ಪಗಾದ ಬೆರಳುಗಳು ಹಲಗೆಯ ಹಿಡಿಯ ಮೇಲೆ ಹಗುರಾಗಿ ಕೂರುತ್ತಿದ್ದವು. ಉಣ್ಣಿ ಸಿಕ್ಕರೆ ಉಗುರಲ್ಲಿ ಕಿತ್ತು ಪಕ್ಕದ ಡಬ್ಬಿಗೆ ಹಾಕುತ್ತಿದ್ದಳು, ಮುಖದ ಒಂದು ಗೆರೆಯೂ ಕದಲುತ್ತಿರಲಿಲ್ಲ. ಅದನ್ನು ನೋಡಿ ರಕ್ಷಾಳಿಗೆ ನೆಮ್ಮದಿಯಾಯಿತು. ಅವಳಿಗೇನು, ಅಭ್ಯಾಸ. ಕರಿಯ ಮೇಲೆ ಕೆನೆಬಣ್ಣ ಬೆರೆತು ಹೊಗೆಯಂಥ ಬೂದಿಬಣ್ಣದ ಹಂಜಿ ಬರತೊಡಗಿದಾಗ ರಕ್ಷಾ ಅದರ ಚೆಲುವಿಗೆ ಬೆರಗಾಗಿ, ಮುಟ್ಟಲು ಕೈ ಚಾಚಿ, ವಾಸನೆ ನೆನಪಾಗಿ ಹಿಂದಕ್ಕೆ ತೆಗೆದುಕೊಂಡಳು. ಸುಚಿತ್ರಾ ಫೋಟೋ ತೆಗೆದರು. ಗಿಡ್ಡಮ್ಮ ಫೋಟೋದಲ್ಲಿ ತಾನು ಬರುವುದು ಬೇಕೋ ಬೇಡವೋ ತಿಳಿಯದೆ ಬಗ್ಗಿದ್ದಳು.

ಬುಧವಾರ ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿದಾಗ ಗಿಡ್ಡಮ್ಮ ತನ್ನ ಡಬ್ಬಿಯನ್ನು ತೆರೆದಳು, ಮುಚ್ಚಿದಳು. ಸೋಮವಾರವೂ ಹಾಗೇ ಮಾಡಿದ್ದಳು ಎಂಬುದು ರಕ್ಷಾಳಿಗೆ ಆಗ ನೆನಪಾಯಿತು. ಮಂಗಳವಾರವೂ. ಯಾಕೆ ಉಣ್ಣುತ್ತಿಲ್ಲ ಎಂದು ಕೇಳಿದಳು, ಮೈಗೆ ಹುಷಾರಿಲ್ಲವೇನೋ ಎಂದುಕೊಂಡು.

‘ಕೈ ಬಾಯಿತಕ ತಂದ್ರೆ ವಾಸ್ನೆ ಬರ್ತೈತವ್ವ. ಎಷ್ಟು ತಿಕ್ಕಿದ್ರೂ ಹೋಗವಲ್ದು. ಮೂರು ದಿನದಿಂದ ಅನ್ನ ಇಳೀತಿಲ್ಲ.’

‘ನಿಮಗೂ ಹೇಸಿಗೆ ಆಗ್ತೈತಾ?’

ಮಾತು ಬಾಯಿಂದ ಬಿದ್ದ ಮೇಲೆ ರಕ್ಷಾ ಅದನ್ನು ಕೇಳಿಸಿಕೊಂಡಳು. ಹಾಸ್ಟೆಲಿನ ಅಡುಗೆಯವನು ಅವಳ ಗಂಟಲಲ್ಲಿ ಇಷ್ಟು ವರ್ಷ ಕೂತಿದ್ದು ಈಗ ಎದ್ದು ಬಂದಿದ್ದ, ಅದೇ ‘ಊ’ಕಾರ, ಅದೇ ನಿಜವಾದ ಆಶ್ಚರ್ಯ. ಗಿಡ್ಡಮ್ಮ ಬೇಸರಪಟ್ಟುಕೊಳ್ಳಲಿಲ್ಲ. ಡಬ್ಬಿಯನ್ನು ಚೀಲದೊಳಗೆ ತುರುಕುತ್ತಾ, ಯಾವುದೋ ಹಳೆಯ ನೋವಿನ ವಿಷಯ ಡಾಕ್ಟರಿಗೆ ಹೇಳುವಂತೆ ಹೇಳಿದಳು.

‘ಆಗ್ದೆ ಇರ್ತೈತಾ ತಾಯಿ. ಚರಂಡಿ ಬಳಿಯೋವಾಗ್ಲೂ ಆಗ್ತೈತೆ. ಯಾರಾದ್ರೂ ಕೇಳಿದ್ರೆ ಹೇಳಬೋದಿತ್ತು.’

ರಕ್ಷಾ ಎದ್ದಳು. ಸುಚಿತ್ರಾ ಮೇಡಂ ಮೇಜಿಗೆ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆಯಲ್ಲಿ ಅವಳಿಗೆ ತಾನು ಇಡೀ ಜನ್ಮದಲ್ಲಿ ಹೇಳದೆ ಉಳಿಸಿಕೊಂಡದ್ದೆಲ್ಲ ಸಾಲಾಗಿ ಸಿಕ್ಕಂತಾಗಿ, ಬಾಯಿ ತೆರೆದರೆ ಎಲ್ಲವೂ ಬರುತ್ತದೆ ಅನ್ನಿಸಿತ್ತು. ಬಂದದ್ದು ಇಷ್ಟೇ.

‘ಮೇಡಂ, ನಾನು ಬಸುರಿ ಅಲ್ಲ. ಅವತ್ತು ಹೇಸಿಗೆಯಾಗಿ ವಾಂತಿ ಮಾಡ್ಕಂಡೆ. ಆ ಕೂದ್ಲು ಮುಟ್ಟಾಕೆ ನಂಗೆ ಆಗಲ್ಲ. ಗಿಡ್ಡಮ್ಮಂಗೂ ಆಗಲ್ಲ, ಮೂರು ದಿನದಿಂದ ಉಂಡಿಲ್ಲ. ಎಲ್ಲರನ್ನೂ ಕೇಳಿದ್ರಿ, ನಮ್ಮನ್ನ ಕೇಳಲಿಲ್ಲ.’

ಊಟ ಮಾಡುತ್ತಿದ್ದ ಕೈಗಳು ನಿಂತವು. ಸುಚಿತ್ರಾರ ಮುಖ ಕೆಂಪಾಗಿ, ಕಣ್ಣಲ್ಲಿ ನೀರು ತುಂಬಿತು. ನಾನು ಆ ಥರ ಯೋಚನೆನೇ ಮಾಡಿಲ್ಲ ರಕ್ಷಾ, ನಿಮಗೆ ಕೆಲಸ ಚೆನ್ನಾಗಿ ಬರುತ್ತೆ ಅಂತ ಕೊಟ್ಟೆ ಎಂದರು. ಅದು ಸುಳ್ಳಲ್ಲ, ಅವರು ಯೋಚನೆ ಮಾಡಿರಲಿಲ್ಲ. ಹಿಂದಿನಿಂದ ಅನ್ನಪೂರ್ಣಮ್ಮ, ಬಸುರು ಅಂತ ಸುಳ್ಳು ಹೇಳಿದ್ಯಾ ಹಂಗಾದ್ರೆ, ಇಂಥದ್ರಲ್ಲೂ ಸುಳ್ಳು ಹೇಳ್ತಾರಾ ಎಂದಳು. ಅಲ್ಲಿಂದ ಮಾತೆಲ್ಲ ಸುಳ್ಳಿನ ಕಡೆಗೆ ಹರಿಯಿತು. ಬೆನ್ನು ನೀವಿದ್ದು, ನಿಂಬೆಹಣ್ಣು ಕೊಟ್ಟಿದ್ದು, ದೇವರಿಗೆ ಹರಕೆ ಹೊತ್ತಿದ್ದು ಒಂದೊಂದೇ ಹೊರಬಂದು, ಮೋಸಹೋದವರ ನೋವು ಅವರಿಗಾಯಿತು. ಆ ನೋವೂ ನಿಜವೇ ಆಗಿತ್ತು. ಹೇಳಿದ ಮೇಲೆ ಹಗುರಾಗುತ್ತದೆ ಎಂದುಕೊಂಡಿದ್ದ ರಕ್ಷಾಳಿಗೆ ತನ್ನ ದನಿಯ ನಡುಕ, ‘ನಮ್ಮನ್ನ’ ಎಂದ ಆ ಪದ, ಅದನ್ನು ಈ ಎರಡು ವರ್ಷದಲ್ಲಿ ಇವತ್ತೇ ಮೊದಲು ಬಳಸಿದ್ದು, ಎಲ್ಲವೂ ಜಿಗುಟಾಗಿ ಅಂಟಿಕೊಂಡಿತು. ಸುಚಿತ್ರಾ ಎದ್ದು ಹೋಗಿ ಚೀಲ ತೆಗೆದುಕೊಂಡು, ಹಾಗಾದರೆ ನಾನೇ ಮಾಡ್ತೀನಿ ಎಂದು ಹಲಗೆ ಹಿಡಿದು ಕೂತರು. ಎಲ್ಲರೂ ನೋಡುತ್ತಿದ್ದರು. ಎರಡು ಹಿಡಿ ಕೂದಲು ಆರಿಸುವಷ್ಟರಲ್ಲಿ ಅವರ ಬೆರಳುಗಳು ತಾವಾಗಿಯೇ ಅಗಲವಾದವು. ಎದ್ದು ಹೋಗಿ ಬಹಳ ಹೊತ್ತು ನಲ್ಲಿಯ ಹತ್ತಿರ ನಿಂತರು. ಗುರುವಾರ ಚೀಲ, ಅದರ ಜೊತೆ ಅಷ್ಟೂ ಬೂದಿಬಣ್ಣದ ಹಂಜಿ, ಕ್ಷಮೆ ಕೇಳಿದ ಒಂದು ಕಾಗದ, ಶಿವಮೊಗ್ಗಕ್ಕೆ ವಾಪಸ್ಸು ಹೋದವು. ಅಲ್ಲಿ ಅದನ್ನು ಬಿಚ್ಚುವ ಹೆಂಗಸಿನ ಮುಖವನ್ನು ಊಹಿಸಬಾರದೆಂದು ರಕ್ಷಾ ಎಷ್ಟು ಪ್ರಯತ್ನಪಟ್ಟರೂ ಅದು ಬರುತ್ತಲೇ ಇತ್ತು.

ಶುಕ್ರವಾರ ಗಿಡ್ಡಮ್ಮ ಹಳೆಯ ಸೀರೆಯಲ್ಲಿ ಬಂದಳು. ಕಕ್ಕಸು ತೊಳೆದು ಬಕೆಟ್ಟು ಬೋರಲು ಹಾಕುತ್ತಿದ್ದವಳ ಹತ್ತಿರ ರಕ್ಷಾ ತಾನಾಗಿಯೇ ಹೋದಳು. ಯಾರು ನೋಡುತ್ತಾರೆ ಎಂದು ಈ ಸಲ ಯೋಚಿಸಲಿಲ್ಲ, ಯೋಚಿಸಲಿಲ್ಲ ಎಂಬುದನ್ನು ಗಮನಿಸಿ ಒಳಗೊಳಗೇ ಹೆಮ್ಮೆಪಟ್ಟಳು. ಪೀಡೆ ತೊಲಗಿತಲ್ಲ ಅಜ್ಜಿ ಎಂದಳು. ಅಜ್ಜಿ ಎಂದದ್ದೂ ಮೊದಲ ಸಲ. ಗಿಡ್ಡಮ್ಮ ಅವಳ ಕಡೆ ನೋಡದೆ ಸೀರೆಯ ಅಂಚನ್ನು ಹಿಂಡಿದಳು.

‘ನೀ ಕೇಳ್ದೆ, ನಾ ಹೇಳ್ದೆ. ಕೆಲ್ಸ ತೆಗ್ಸು ಅಂದ್ನಾ?’

ಗಿಡ್ಡಮ್ಮ ಬಕೆಟ್ಟನ್ನು ಗೋಡೆಯ ಬದಿಗೆ ಸರಿಸಿದಳು.

‘ಹೇಸಿಗೆ ಇತ್ತವ್ವ, ಇಲ್ಲ ಅನ್ನಲ್ಲ. ಕೂರಾಕೆ ಸ್ಟೂಲೂ ಇತ್ತು. ಇಷ್ಟು ವರ್ಷದಾಗೆ ಮೂರು ದಿನ ಕೂತು ಮಾಡೋ ಕೆಲ್ಸ ಮಾಡಿದ್ದೆ. ಇನ್ನೊಂದೀಟು ದಿನಕ್ಕೆ ಮೂಗು ಒಗ್ಗಿಕಂತಿತ್ತು.’

ರಕ್ಷಾ ನೇರ ಸುಚಿತ್ರಾರ ಹತ್ತಿರ ಹೋಗಿ, ಗಿಡ್ಡಮ್ಮನ ಕೈ ಚೆನ್ನಾಗಿದೆ, ಕುರಿ ಉಣ್ಣೆ ಹಿಂಜಲು ತನ್ನ ಜೊತೆಗೆ ಕೂರಿಸಿಕೊಳ್ಳುತ್ತೇನೆ, ತಾನೇ ಕಲಿಸುತ್ತೇನೆ ಎಂದಳು. ಸುಚಿತ್ರಾ ಬುಧವಾರದಿಂದ ಅವಳೊಡನೆ ಬಹಳ ಎಚ್ಚರದಿಂದ ಮಾತಾಡುತ್ತಿದ್ದರು, ಪದ ಆರಿಸಿ ಆರಿಸಿ. ಒಳ್ಳೆಯ ಯೋಚನೆ ಎಂದರು. ಕ್ಲೀನಿಂಗಿಗೆ ಬೇರೆ ಯಾರಾದರೂ ಸಿಗಬೇಕಲ್ಲ, ಇವರನ್ನೂ ಒಂದು ಮಾತು ಕೇಳಬೇಕಲ್ಲ ಎಂದು ರಾಟೆಗಳ ಕಡೆ ಕಣ್ಣಾಡಿಸಿದರು. ನೋಡೋಣ ಎಂದರು. ಕಿಟಕಿಯ ಹತ್ತಿರ ಹೋಗಿದ್ದ ಅನ್ನಪೂರ್ಣಮ್ಮನ ರಾಟೆ ಇನ್ನೂ ಹಳೆಯ ಜಾಗಕ್ಕೆ ಬಂದಿರಲಿಲ್ಲ.

ರಕ್ಷಾ ಬಂದು ತನ್ನ ಮೇಜಿನ ಮುಂದೆ ಕೂತಳು. ಜಗಳೂರಿನ ಹೊಸ ಮೂಟೆ ಬಿಚ್ಚಿದ್ದರು, ಬಾಳೆನಾರು ಪಕ್ಕದಲ್ಲಿತ್ತು. ಒಂದಕ್ಕೆ ಎಷ್ಟು ಬೆರೆಸಬೇಕೆಂದು ನೋಡಲು ಒಂದು ಹಿಡಿ ಎತ್ತಿಕೊಂಡಳು, ಬೆರಳುಗಳು ಏನನ್ನೂ ಹೇಳಲಿಲ್ಲ. ಗಿಡ್ಡಮ್ಮ ಬಾಗಿಲಿನಿಂದ ಗುಡಿಸುತ್ತಾ ಬರುತ್ತಿದ್ದಳು, ಒಂದೊಂದು ರಾಟೆಯ ಕೆಳಗೂ ಪೊರಕೆ ತೂರಿಸಿ. ಹೆಂಗಸರು ಮಾತು ನಿಲ್ಲಿಸದೆ ಸೀರೆಯ ಅಂಚನ್ನು ಸರಿಸಿಕೊಳ್ಳುತ್ತಿದ್ದರು. ಕೊನೆಗೆ ಈ ಮೇಜಿನ ಬಳಿ ಬಂದು ಬಗ್ಗಿದಳು. ಬೆಳ್ಳಗಾದ ತಲೆ ರಕ್ಷಾಳ ಮೊಣಕಾಲಿನ ಮಟ್ಟಕ್ಕಿತ್ತು.

‘ಕಾಲೆತ್ತವ್ವ’ ಎಂದಳು.

ರಕ್ಷಾ ಎರಡೂ ಕಾಲು ಎತ್ತಿದಳು. ಪೊರಕೆ ಕೆಳಗೆ ಆಡಿತು, ಗೋಡೆಯವರೆಗೆ ಹೋಯಿತು, ಮೂಲೆಗೆ ಹೋಯಿತು. ಇಳಿಸಲು ಯಾರೂ ಹೇಳಲಿಲ್ಲ. ಸ್ಟೂಲಿನ ಅಂಚು ತೊಡೆಗೆ ಒತ್ತುತ್ತಿತ್ತು. ಅವಳು ಎತ್ತಿ ಹಿಡಿದುಕೊಂಡೇ ಕೂತಿದ್ದಳು.